ಸೆಪ್ಸಿಸ್‌ನಲ್ಲಿ ಎರಡನೇ ಸಲ ತೆಗೆದ ರಕ್ತ ಹೇಳುವುದೇ ಜಾಸ್ತಿ

ನಮ್ಮ ಐಸಿಯುಗೆ ಸೆಪ್ಸಿಸ್ (ಸೋಂಕಿಗೆ ದೇಹ ಅಡ್ಡಾದಿಡ್ಡಿ ಸ್ಪಂದಿಸಿ ಅಂಗಾಂಗಗಳೇ ಕೆಡುವ ಸ್ಥಿತಿ) ರೋಗಿ ಬಂದರೆ, ಮೊದಲ ರಕ್ತ ತೆಗೆಯುವಾಗಲೇ ಮುಂದಿನದು ಎಷ್ಟು ಗಂಟೆಗೆ ಅಂತ ಚಾರ್ಟ್‌ನಲ್ಲಿ ಬರೆದುಬಿಡುತ್ತೇನೆ. ಯಾರು ಕೆಡುತ್ತಾರೆ ಅನ್ನುವ ಸುಳಿವು ನನಗೆ ಹೆಚ್ಚಾಗಿ ಸಿಗುವುದು ಆ ಎರಡನೇ ರಿಪೋರ್ಟ್‌ನಲ್ಲೇ.

ಅಂಗಾಂಗಗಳಿಗೆ ರಕ್ತ, ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್, ರಕ್ತದ ಅನಿಲಗಳನ್ನು ಅಳೆಯುವ ಎಬಿಜಿ ಮೆಷಿನ್‌ನಲ್ಲಿ ನಿಮಿಷಗಳಲ್ಲಿ ಬರುತ್ತದೆ. ಲೀಟರಿಗೆ 2 ಮಿಲಿಮೋಲ್‌ಗಿಂತ ಜಾಸ್ತಿ ಇದ್ದರೆ 2ರಿಂದ 4 ಗಂಟೆಯೊಳಗೆ ಮತ್ತೆ ನೋಡಬೇಕು. 4 ದಾಟಿದ್ದರೆ, ಬಿಪಿ ಚೆನ್ನಾಗಿದ್ದರೂ ನಾನು ಆ ಹಾಸಿಗೆ ಬಿಟ್ಟು ಕದಲುವುದಿಲ್ಲ.

ಒಬ್ಬರು ಹೆಂಗಸು ಬಂದಿದ್ದರು. ಸಕ್ಕರೆ ಕಾಯಿಲೆ, ಚಳಿಜ್ವರ, ಉರಿಮೂತ್ರ. ಬಿಪಿ 110/70, ಚೆನ್ನಾಗಿಯೇ ಮಾತಾಡುತ್ತಿದ್ದರು. "ಡಾಕ್ಟ್ರೇ, ಅಮ್ಮ ಹುಷಾರಾಗಿದ್ದಾರಲ್ಲ, ವಾರ್ಡಿಗೆ ಕಳಿಸ್ತೀರಾ?" ಅಂತ ಮಗ ಕೇಳಿದ. ಲ್ಯಾಕ್ಟೇಟ್ 3.1 ಇತ್ತು. ಆ್ಯಂಟಿಬಯಾಟಿಕ್ ಕೊಟ್ಟು, ಡ್ರಿಪ್ ಹಾಕಿ, ಮೂರು ಗಂಟೆ ಬಿಟ್ಟು ನೋಡಿದರೆ 3.6. ಅವರು ಮೆಟ್‌ಫಾರ್ಮಿನ್ ತಗೊಳ್ತಿದ್ದರು, ಅದರಿಂದಲೂ ಲ್ಯಾಕ್ಟೇಟ್ ಏರಬಹುದು ಅಲ್ವಾ? ಆದರೆ ಪ್ಲೇಟ್‌ಲೆಟ್ ಕೂಡ 1.9 ಲಕ್ಷದಿಂದ 1.2 ಲಕ್ಷಕ್ಕೆ ಬಿದ್ದಿತ್ತು, ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ಏರಿತ್ತು. ಅದಕ್ಕೆ ಮಾತ್ರೆ ಕಾರಣ ಆಗಲಾರದು. "ನೋಡಪ್ಪಾ, ಒಳಗೆ ಇನ್ನೂ ಕೆಡ್ತಾ ಇದೆ, ಇಲ್ಲೇ ಇರಲಿ" ಅಂದೆ. ಸ್ಕ್ಯಾನ್ ಮಾಡಿಸಿದೆವು. ಬಲಗಡೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿತ್ತು. ಯೂರಾಲಜಿಯವರು ಅದೇ ರಾತ್ರಿ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು, ಕೀವು ಹರಿಯಿತು. ಬೆಳಿಗ್ಗೆ ಲ್ಯಾಕ್ಟೇಟ್ 1.7. ಬಿಪಿ ಬೀಳಲಿ ಅಂತ ಕಾದಿದ್ದರೆ ತಡವಾಗುತ್ತಿತ್ತು.

ಇಷ್ಟಕ್ಕೆಲ್ಲ ಸ್ಯಾಂಪಲ್ ಸರಿ ಇರಬೇಕು. ತೋಳಿಗೆ ಪಟ್ಟಿ ಬಿಗಿದು, ರೋಗಿ ಮುಷ್ಟಿ ಹಿಡಿದು ಹಿಡಿದು ಬಿಟ್ಟರೆ ಲ್ಯಾಕ್ಟೇಟ್ ಸುಮ್ನೆ ಏರಬಹುದು. ಸಿರಿಂಜ್ ಟ್ರೇಯಲ್ಲಿ ಬಿದ್ದಿದ್ದರೂ ಅಷ್ಟೇ, ಕೆಂಪು ಕಣಗಳು ಅದರೊಳಗೇ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ತಡವಾಗುವಂತಿದ್ದರೆ ಐಸ್‌ನಲ್ಲಿಡಿ. ಅಡ್ರಿನಲಿನ್ ಡ್ರಿಪ್, ಸಾಲ್ಬುಟಮಾಲ್ ನೆಬ್ಯುಲೈಸೇಶನ್ ಕೂಡ ಏರಿಸುತ್ತವೆ. ಲಿವರ್ ಕೆಟ್ಟಿದ್ದರೆ ಇಳಿಯುವುದು ನಿಧಾನ.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಪರೀಕ್ಷೆ ದುಬಾರಿ, ದಿನಾ ಬರೆಯುವುದಿಲ್ಲ. ಬಂದ ದಿನ ಒಂದು, ನಾಲ್ಕನೇ ದಿನ ಒಂದು. ಸೋಂಕು ಹಿಡಿತಕ್ಕೆ ಬಂದರೆ ಅದು ದಿನಕ್ಕೆ ಸುಮಾರು ಅರ್ಧದಷ್ಟು ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಕೀವು ಉಳಿದಿದೆಯಾ, ಆ್ಯಂಟಿಬಯಾಟಿಕ್ ತಪ್ಪಾಯಿತಾ ಅಂತ ಹುಡುಕುತ್ತೇನೆ. ರೋಗಿ ಚೇತರಿಸಿಕೊಂಡು, ಅದು 80% ಇಳಿದಿದ್ದರೆ ಅಥವಾ ಮಿಲಿಲೀಟರಿಗೆ 0.5 ನ್ಯಾನೋಗ್ರಾಂಗಿಂತ ಕೆಳಗೆ ಬಂದಿದ್ದರೆ ಆ್ಯಂಟಿಬಯಾಟಿಕ್ ನಿಲ್ಲಿಸಲು ಧೈರ್ಯ ಬರುತ್ತದೆ. ಆದರೆ ಶುರು ಮಾಡಲು ಇದರ ರಿಪೋರ್ಟ್‌ಗೆ ಯಾವತ್ತೂ ಕಾಯಬೇಡಿ. ಮಲೇರಿಯಾದಲ್ಲೂ ಇದು ಏರುತ್ತದೆ. ಉರಿಯೂತ ತೋರಿಸುವ ಇನ್ನೊಂದು ಪರೀಕ್ಷೆ ಸಿಆರ್‌ಪಿ ಇನ್ನೂ ನಿಧಾನ, ಮೊದಲ ರಾತ್ರಿಯ ನಿರ್ಧಾರಕ್ಕೆ ಅದನ್ನು ನಾನು ನಂಬುವುದಿಲ್ಲ.

ಎಬಿಜಿ ಮೆಷಿನ್ ಇಲ್ಲದ ಕಡೆ ಏನು ಮಾಡುವುದು? ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡಲು ಬೆರಳ ತುದಿಯನ್ನು 10 ಸೆಕೆಂಡ್ ಗಟ್ಟಿಯಾಗಿ ಒತ್ತಿ ಬಿಡಿ. 3 ಸೆಕೆಂಡ್ ಒಳಗೆ ಬಣ್ಣ ವಾಪಸ್ ಬರಬೇಕು. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ ಇದನ್ನೇ ನೋಡಿಕೊಂಡು ಚಿಕಿತ್ಸೆ ಕೊಟ್ಟವರ ಫಲಿತಾಂಶ, ಲ್ಯಾಕ್ಟೇಟ್ ನೋಡಿ ಕೊಟ್ಟವರದಕ್ಕಿಂತ ಕೆಟ್ಟದಾಗಿರಲಿಲ್ಲ. ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಲಿವರ್ ಸ್ಥಿತಿ ತೋರಿಸುವ ಬಿಲಿರುಬಿನ್ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತವೆ. ರೋಗಿಯನ್ನು ನಮ್ಮ ಕಡೆ ಕಳಿಸುವಾಗ ಆ ಅಂಕಿಗಳನ್ನು ರಕ್ತ ತೆಗೆದ ಸಮಯದ ಸಮೇತ ಚೀಟಿಯಲ್ಲಿ ಬರೆದು ಕಳಿಸಿ. ಆಗ ನಾವಿಲ್ಲಿ ತೆಗೆಯುವ ಮೊದಲ ರಕ್ತದಲ್ಲೇ ಏರಿದೆಯೋ ಇಳಿದಿದೆಯೋ ಗೊತ್ತಾಗುತ್ತದೆ.