ಕೋಸಂಬರಿಗೆ ಒಗ್ಗರಣೆ ಬೀಳುವ ಮೊದಲೇ ನಾಯಿಯ ಪಾಲು

ನಮ್ಮ ಚಿನ್ನಿ ಬೀದಿಯಿಂದ ಮನೆಗೆ ಬಂದ ನಾಯಿ. ಮರಿ ಆಗದಂತೆ ಆಪರೇಷನ್ ಮಾಡಿಸಿದ ಮೇಲೆ ಮೈ ಬಂತು. ಊಟ ಕಮ್ಮಿ ಮಾಡಿದರೆ ಅಡುಗೆಮನೆ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಬಿಸ್ಕತ್ತು ಬಿಡಿಸಿ, ಬಾಯಾಡಿಸಲು ಸೌತೆಕಾಯಿ, ಲೆಟ್ಯೂಸ್ ಕೊಡಿ ಎಂದರು ಡಾಕ್ಟರ್. ಇವೆರಡರಲ್ಲೂ ಶೇಕಡಾ 95ರಷ್ಟು ನೀರೇ. 100 ಗ್ರಾಂ ತಿಂದರೂ 15 ಕ್ಯಾಲೊರಿ ಆಸುಪಾಸು. ಬಾಯಿಗೆ ಕರುಂಕುರುಂ ಅನ್ನುತ್ತದೆ, ಮೈಗೆ ಹತ್ತುವುದಿಲ್ಲ.

ಆದರೆ ನಮ್ಮ ಮನೆಯಲ್ಲಿ ಸೊಪ್ಪು ಸುಮ್ನೆ ಸೊಪ್ಪಾಗಿ ತಟ್ಟೆಗೆ ಬರುವುದಿಲ್ಲ, ಅಲ್ವಾ? ಉಪ್ಪು, ನಿಂಬೆಹುಳಿ, ಹಸಿಮೆಣಸು, ಈರುಳ್ಳಿ, ಮೇಲೊಂದು ಒಗ್ಗರಣೆ. ನಾಯಿಗೆ ತೊಂದರೆ ಕೊಡುವುದು ಹೆಚ್ಚಾಗಿ ಈ ಜೊತೆಗಾರರೇ. ಅದಕ್ಕೇ ನಾನು ಹೆಚ್ಚಿದ ಕೂಡಲೇ, ಉಪ್ಪು ಸೋಕುವ ಮೊದಲೇ, ಚಿನ್ನಿಯ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತೇನೆ. ಈರುಳ್ಳಿ ಹೆಚ್ಚುವುದಿದ್ದರೆ ಅದು ಕೊನೆಗೆ. ಮೊದಲೇ ಹೆಚ್ಚಿದ್ದರೆ ಈಳಿಗೆಮಣೆಯನ್ನು ತೊಳೆದೇ ಮುಂದಿನ ಕೆಲಸ.

ಈರುಳ್ಳಿಯ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಈರುಳ್ಳಿ, ಈರುಳ್ಳಿ ಹೂ, ಬೆಳ್ಳುಳ್ಳಿ ಎಲ್ಲವೂ ಒಂದೇ ಜಾತಿ. ಇವುಗಳಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹೋಗುವುದಿಲ್ಲ, ಪುಡಿ ಮಾಡಿದರೂ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ರಕ್ತ ಕೆಡಲು ಶುರು. 5 ಕಿಲೋ ತೂಗುವ ಪುಟ್ಟ ನಾಯಿಗೆ ಒಂದು ಸಾಧಾರಣ ಗಾತ್ರದ ಈರುಳ್ಳಿಯೇ ಜಾಸ್ತಿ. ದಿನಾ ಚೂರು ಚೂರು ಹೋದರೂ ಅದೇ ಕಥೆ. ಇನ್ನೊಂದು ಅಪಾಯ ಅಂದರೆ ಇದು ತಿಂದ ದಿನವೇ ಗೊತ್ತಾಗಬೇಕೆಂದಿಲ್ಲ. ಮೂರ್ನಾಲ್ಕು ದಿನ ಕಳೆದ ಮೇಲೆ ನಾಯಿ ಸುಸ್ತಾಗಬಹುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು.

ರಕ್ತ ಕಮ್ಮಿಯಾದರೆ ವಸಡು ಬಿಳಿಚಿಕೊಳ್ಳುತ್ತದೆ. ಹಾಗಾಗಿ ವಸಡು ನೋಡುವುದನ್ನು ಡಾಕ್ಟರ್ ಹತ್ತಿರ ಕಲಿತುಕೊಂಡೆ. ಮೇಲ್ದುಟಿ ಮೆಲ್ಲಗೆ ಎತ್ತಿ, ಕೋರೆಹಲ್ಲಿನ ಮೇಲಿನ ವಸಡನ್ನು ಬೆರಳಲ್ಲಿ ಒತ್ತಿ ಬಿಡಬೇಕು. ಒತ್ತಿದ ಜಾಗ ಬಿಳಿಯಾಗುತ್ತದೆ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ಬರುತ್ತದೆ. ನಾಯಿ ಚೆನ್ನಾಗಿರುವಾಗ ಬಣ್ಣ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಿದ್ದರೆ ಮಾತ್ರ, ಬಿಳಿಚಿಕೊಂಡಾಗ ಥಟ್ಟನೆ ತಿಳಿಯುತ್ತದೆ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಆಗ ಕೆಳಗಿನ ಕಣ್ಣರೆಪ್ಪೆಯನ್ನು ಕೊಂಚ ಎಳೆದು ಒಳಗಿನ ಬಣ್ಣ ನೋಡಬೇಕು. ನಾಯಿ ಈರುಳ್ಳಿ ತಿಂದಿದೆ ಅಂತ ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ. ಎಷ್ಟು ತಿಂದಿತು, ನಾಯಿ ಎಷ್ಟು ತೂಕ ಎಂದು ಡಾಕ್ಟರ್‌ಗೆ ತಕ್ಷಣ ಹೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ವಿಷವಾಗುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಕೆಟ್ಟದ್ದು ಎಂದು ಬಹಳ ಜನಕ್ಕೆ ಗೊತ್ತು. ಅದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬಹುದು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲ! ಹುಣಸೆ ತಿಂದ ನಾಯಿಗಳ ಕಿಡ್ನಿ ಕೆಟ್ಟದ್ದನ್ನೂ ಅವರು ಕಂಡಿದ್ದರು. ಸಾರು, ಹುಳಿ, ಗೊಜ್ಜು ಕಲಸಿದ ಅನ್ನವನ್ನು ನಾಯಿಗೆ ಹಾಕುವ ರೂಢಿ ಎಷ್ಟು ಮನೆಗಳಲ್ಲಿಲ್ಲ! ನಮ್ಮಲ್ಲಿ ಈಗ ಅದು ಪೂರ್ತಿ ಬಂದ್.

ಇನ್ನು ಸೊಪ್ಪಿನ ತಯಾರಿ. ಬೆಂಗಳೂರಿನ ಸುತ್ತ ಎಷ್ಟೋ ಕಡೆ ಕೊಳಚೆ ನೀರಲ್ಲೇ ಸೊಪ್ಪು ಬೆಳೆಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ಎಲೆ ಒಂದೊಂದಾಗಿ ಬಿಡಿಸಿ, ಹರಿಯುವ ನೀರಲ್ಲಿ ಬುಡದ ಮಣ್ಣು ಹೋಗುವವರೆಗೂ ತೊಳೆಯುತ್ತೇನೆ. ನಾಯಿ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ. ಎಲೆಯನ್ನು ಎರಡು ಸಲ ಅಗಿದು ನುಂಗಿಬಿಡುತ್ತದೆ. ಇಡೀ ಎಲೆ ಕೊಟ್ಟರೆ ಮರುದಿನ ಮಲದಲ್ಲಿ ಹಸಿರು ತುಂಡು ಹಾಗೇ ಕಾಣಿಸುತ್ತದೆ. ಅದಕ್ಕೇ ಕೊತ್ತಂಬರಿ ಹೆಚ್ಚಿದ ಹಾಗೆ ಸಣ್ಣಗೆ ಹೆಚ್ಚುತ್ತೇನೆ. ಕೋಸಾದರೆ ಆವಿಯಲ್ಲಿ ಬೇಯಿಸಿ, ಸ್ವಲ್ಪವೇ. ಹಸಿಯಾಗಿ ಕೊಟ್ಟರೆ ವಾಯು ತುಂಬುತ್ತದೆ.

ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲು ಕಟ್ಟುವ ಅಂಶ, ಜಾಸ್ತಿ. ಕಿಡ್ನಿ ತೊಂದರೆ ಇರುವ, ಮೂತ್ರದಲ್ಲಿ ಕಲ್ಲು ಕಟ್ಟಿದ್ದ ನಾಯಿಗೆ ಇವು ಬೇಡವೇ ಬೇಡ. ಚಿನ್ನಿಗೆ ಅಂಥದ್ದೇನಿಲ್ಲ. ಆದರೂ ಬೇಯಿಸಿ, ನೀರು ಚೆಲ್ಲಿ, ಅಪರೂಪಕ್ಕೊಮ್ಮೆ ಒಂದು ಚಮಚ ಅಷ್ಟೆ. ಟೊಮೆಟೊ ಗಿಡದ ಎಲೆ, ಹಸಿ ಕಾಯಿ, ಕೆಸುವಿನ ಎಲೆ ಇವಳ ಬಾಯಿಗೆ ಸಿಗದಂತೆ ಕುಂಡಗಳನ್ನು ತಾರಸಿಗೆ ಸಾಗಿಸಿದೆ.

ದಿನಕ್ಕೆ ಒಂದು ಹಿಡಿ, ಅದಕ್ಕಿಂತ ಹೆಚ್ಚಿಲ್ಲ. ಹೊಸ ಸೊಪ್ಪಾದರೆ ಮೊದಲ ದಿನ ಎರಡು ಬೆರಳಲ್ಲಿ ಹಿಡಿಯುವಷ್ಟು, ಆಮೇಲೆ ಮಲ ನೋಡಿಕೊಂಡು ಮುಂದಿನದು. ಸೌತೆಕಾಯಿಯ ತುದಿ ಕತ್ತರಿಸಿ ನಾನೇ ರುಚಿ ನೋಡುತ್ತೇನೆ. ಕಹಿ ಇದ್ದರೆ ಅದು ನಮಗೂ ಬೇಡ, ಅವಳಿಗೂ ಬೇಡ.