ತಿಥಿ ನೋಡಿ ಟೆಲಿಸ್ಕೋಪ್ ಹೂಡಿ

ಹೊಸ ಟೆಲಿಸ್ಕೋಪ್ ತಂದವರು ಸಾಮಾನ್ಯವಾಗಿ ಹುಣ್ಣಿಮೆಗೆ ಕಾಯುತ್ತಾರೆ. ಚಂದ್ರನ ಕುಳಿ-ಬೆಟ್ಟಗಳನ್ನು ನೋಡಲು ಅದಕ್ಕಿಂತ ಕೆಟ್ಟ ರಾತ್ರಿ ಇಲ್ಲ. ಅವತ್ತು ಬಿಸಿಲು ನಮ್ಮ ಬೆನ್ನ ಕಡೆಯಿಂದ ಚಂದ್ರನ ಮೇಲೆ ಬೀಳುತ್ತದೆ. ನೆರಳುಗಳೆಲ್ಲ ವಸ್ತುಗಳ ಹಿಂದೆ ಅಡಗಿ, ಕಣ್ಣು ಕೋರೈಸುವ ಬಿಳಿ ತಟ್ಟೆಯೊಂದೇ ಉಳಿಯುತ್ತದೆ. ನೋಡಬೇಕಾದ್ದು ಬೆಳಕೂ ಕತ್ತಲೂ ಸೇರುವ ಗಡಿಯನ್ನು. ಅಲ್ಲಿ ಸೂರ್ಯ ಆಗತಾನೇ ಹುಟ್ಟುತ್ತಿರುತ್ತಾನೆ, ಚಿಕ್ಕ ದಿಬ್ಬಕ್ಕೂ ಉದ್ದನೆಯ ನೆರಳಿರುತ್ತದೆ.

ಎಷ್ಟು ಉದ್ದ? 300 ಮೀಟರ್ ಎತ್ತರದ ಒಂದು ಏಣಿನ (ಕಡಿದಾದ ಅಂಚಿನ) ಮೇಲೆ ಸೂರ್ಯ 2 ಡಿಗ್ರಿ ಏರಿದ್ದರೆ ನೆರಳು 8.6 ಕಿ.ಮೀ. ಚಾಚುತ್ತದೆ. 10 ಡಿಗ್ರಿ ಏರಿದಾಗ ಅದೇ ನೆರಳು 1.7 ಕಿ.ಮೀ.ಗೆ ಕುಗ್ಗುತ್ತದೆ. ಭೂಮಿಯಿಂದ ನೋಡುವಾಗ ಚಂದ್ರನ ಮೇಲಿನ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಎಂದರೆ ಸುಮಾರು 1.9 ಕಿ.ಮೀ.; ಅಂದರೆ ಮೊದಲನೆಯದು ಸಣ್ಣ ಟೆಲಿಸ್ಕೋಪಿಗೂ ಸಿಗುತ್ತದೆ, ಎರಡನೆಯದು ಸಿಗುವುದು ಕಷ್ಟ. ಚಂದ್ರನಲ್ಲಿ ಸೂರ್ಯ ಗಂಟೆಗೆ ಅರ್ಧ ಡಿಗ್ರಿಯಂತೆ, ದಿನಕ್ಕೆ ಸುಮಾರು 12 ಡಿಗ್ರಿ ಏರುತ್ತಾನೆ. ಇವತ್ತು ಎದ್ದು ಕಂಡ ಬೆಟ್ಟಸಾಲು ನಾಳೆ ಮಾಯವಾಗಿದ್ದರೆ ಕಾರಣ ಇದೇ. ಆದ್ದರಿಂದ ಯಾವ ಜಾಗವನ್ನು ಯಾವ ದಿನ ನೋಡಬೇಕು ಎಂಬುದು ಉಪಕರಣದ ಗಾತ್ರಕ್ಕಿಂತ ಮುಖ್ಯ.

ಗೋಡೆಯ ಕ್ಯಾಲೆಂಡರಿನ ಲೆಕ್ಕ

ದಿನ ಗೊತ್ತುಮಾಡಲು ಗೋಡೆಯ ಪಂಚಾಂಗ ಕ್ಯಾಲೆಂಡರ್ ಸಾಕು. ಸೂರ್ಯ-ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ ಮುಗಿಯುತ್ತದೆ. ಹಾಗಾಗಿ ಮುಗಿದ ತಿಥಿಗಳ ಸಂಖ್ಯೆಯನ್ನು 12ರಿಂದ ಗುಣಿಸಿ 90ರಿಂದ ಕಳೆಯಿರಿ. ಬಂದದ್ದೇ ಬೆಳಕಿನ ಗಡಿ ಇರುವ ಚಂದ್ರನ ರೇಖಾಂಶ. ಶುಕ್ಲ ಸಪ್ತಮಿ ಮುಗಿದ ಗಳಿಗೆಯಲ್ಲಿ 90 − 84 = 6, ಅಂದರೆ 6 ಡಿಗ್ರಿ ಪೂರ್ವ. ಉತ್ತರ ಋಣವಾದರೆ ಪಶ್ಚಿಮ ಎಂದು ಓದಿಕೊಳ್ಳಿ. ಕೃಷ್ಣಪಕ್ಷಕ್ಕೂ ಇದೇ ಲೆಕ್ಕ, ತಿಥಿಗಳನ್ನು ಪಾಡ್ಯದಿಂದ ಮತ್ತೆ ಎಣಿಸಿ. ಆದರೆ ಆಗ ಆ ಗಡಿಯಲ್ಲಿ ಸೂರ್ಯೋದಯದ ಬದಲು ಸೂರ್ಯಾಸ್ತ ನಡೆಯುತ್ತಿರುತ್ತದೆ.

ಎರಡು ಕಡೆ ಎಡವಬಹುದು. ಕ್ಯಾಲೆಂಡರಿನ ಚೌಕದಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಸೂರ್ಯೋದಯದ ತಿಥಿ. ಸಂಜೆ ಏಳಕ್ಕೆ ಮುಂದಿನ ತಿಥಿ ಶುರುವಾಗಿರಬಹುದು. ತಿಥಿ ಎಷ್ಟು ಗಂಟೆಯವರೆಗೆ ಇದೆ ಎಂಬ ಸಣ್ಣಕ್ಷರವನ್ನು ಓದಿ. ಎರಡನೆಯದು, ಚಂದ್ರ ನಮ್ಮತ್ತ ಸ್ವಲ್ಪ ತೂಗಾಡುತ್ತಾನೆ: ಅಡ್ಡಡ್ಡ ಸುಮಾರು 8 ಡಿಗ್ರಿ, ಮೇಲೆ-ಕೆಳಗೆ ಸುಮಾರು 7 ಡಿಗ್ರಿ. ಇದರಿಂದ ಒಂದು ಕುಳಿಯ ಸೂರ್ಯೋದಯ ಲೆಕ್ಕಕ್ಕಿಂತ ಅರ್ಧ ದಿನ, ಅದಕ್ಕಿಂತ ತುಸು ಹೆಚ್ಚೇ, ಹಿಂದು-ಮುಂದಾಗಬಹುದು. ಗಳಿಗೆಗೆ ಸರಿಯಾಗಿ ಬೇಕಿದ್ದರೆ ಉಚಿತವಾಗಿ ಸಿಗುವ ವರ್ಚುವಲ್ ಮೂನ್ ಅಟ್ಲಾಸ್ ತಂತ್ರಾಂಶದಲ್ಲಿ ದಿನಾಂಕ, ಸಮಯ ಕೊಟ್ಟು ನೋಡಿ.

ಉಪಕರಣ

10×50 (10 ಪಟ್ಟು ವರ್ಧನೆ, 50 ಮಿ.ಮೀ. ಮಸೂರದ) ಬೈನಾಕ್ಯುಲರ್‌ನಿಂದ ಶುರುಮಾಡುವುದು ಒಳ್ಳೆಯದು. ಐವತ್ತು ಕಿ.ಮೀ. ಮೇಲ್ಪಟ್ಟ ಕುಳಿಗಳು ಗಡಿಯ ಬಳಿ ಚೆನ್ನಾಗಿ ಕಾಣುತ್ತವೆ. ಕೈ ನಡುಗುತ್ತದೆ, ಮೊಣಕೈಯನ್ನು ತಾರಸಿಯ ಪ್ಯಾರಾಪೆಟ್ ಗೋಡೆಯ ಮೇಲೆ ಊರಿ. 15 ಪಟ್ಟು ಮೀರಿದರೆ ಟ್ರೈಪಾಡ್ ಬೇಕೇ ಬೇಕು.

ಟೆಲಿಸ್ಕೋಪಿನಲ್ಲಿ 6 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ ನ್ಯೂಟೋನಿಯನ್, ಅಂದರೆ ಕನ್ನಡಿಯ ಟೆಲಿಸ್ಕೋಪ್) ಹಣಕ್ಕೆ ತಕ್ಕ ಆಯ್ಕೆ. ನಾಭಿದೂರವನ್ನು (ಕನ್ನಡಿಯಿಂದ ಚಿತ್ರ ಮೂಡುವ ಜಾಗದವರೆಗಿನ ದೂರವನ್ನು) ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಮಸೂರದ, ಅಳತೆಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ: 1200 ಮಿ.ಮೀ. ನಾಭಿದೂರಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ.ಗೆ 120, 6 ಮಿ.ಮೀ.ಗೆ 200. ಕನ್ನಡಿಯ ವ್ಯಾಸ ಮಿಲಿಮೀಟರಿನಲ್ಲಿ ಎಷ್ಟಿದೆಯೋ ಅದರ ಎರಡರಷ್ಟು ಮೇಲ್ಮಿತಿ. 76 ಮಿ.ಮೀ. ಆಟಿಕೆ ಟೆಲಿಸ್ಕೋಪಿನ ಡಬ್ಬಿಯ ಮೇಲೆ 500 ಪಟ್ಟು ಎಂದು ಬರೆದಿದ್ದರೆ ನಂಬಬೇಡಿ. 150 ದಾಟಿದ ಮೇಲೆ ಅದು ಮಸುಕನ್ನಷ್ಟೇ ದೊಡ್ಡದು ಮಾಡುತ್ತದೆ. ಗಾಳಿ ಅಲುಗುವ ರಾತ್ರಿಗಳಲ್ಲಿ ದೊಡ್ಡ ಕನ್ನಡಿಗೂ 150–200 ಪಟ್ಟಿಗಿಂತ ಮೇಲೆ ಲಾಭವಿಲ್ಲ.

ನ್ಯೂಟೋನಿಯನ್‌ನಲ್ಲಿ ಚಿತ್ರ ತಲೆಕೆಳಗು. ಡಯಾಗನಲ್ (ನೋಟವನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿ) ಹಾಕಿದ ರಿಫ್ರ್ಯಾಕ್ಟರಿನಲ್ಲಿ, ಅಂದರೆ ಮಸೂರದ ಟೆಲಿಸ್ಕೋಪಿನಲ್ಲಿ, ಎಡ-ಬಲ ಅದಲುಬದಲು. ನಕ್ಷೆಯನ್ನು ತಿರುಗಿಸಿಕೊಂಡರೆ ಮೊದಲನೆಯದಕ್ಕೆ ಪರಿಹಾರ. ಎರಡನೆಯದಕ್ಕೆ ಕನ್ನಡಿಬಿಂಬದ ನಕ್ಷೆಯೇ ಬೇಕು. ಹೊಸಬರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಎಲ್ಲಿ, ಯಾವಾಗ

ಕರ್ನಾಟಕದವರಿಗೆ ಅಕ್ಷಾಂಶದ ಲಾಭವಿದೆ. ಮಾರ್ಚ್ ಸುಮಾರಿನ ಶುಕ್ಲ ಅಷ್ಟಮಿಯ ಚಂದ್ರ ಸಂಜೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ತೀರಾ ದಕ್ಷಿಣಕ್ಕಿಳಿದಾಗಲೂ ಬೆಂಗಳೂರಿನಿಂದ ಅವನ ಗರಿಷ್ಠ ಎತ್ತರ 48 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಮಳೆಗಾಲ ಬಿಟ್ಟರೆ ನವೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ತಾರಸಿ ಅನುಕೂಲ, ಆದರೆ ದಿನವಿಡೀ ಕಾದ ಆರ್‌ಸಿಸಿ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಚಂದ್ರನ ಅಂಚು ಒಲೆಯ ಮೇಲಿನ ಗಾಳಿಯಂತೆ ಕುದಿಯುತ್ತಿದ್ದರೆ ದೋಷ ಟೆಲಿಸ್ಕೋಪಿನದಲ್ಲ. ಅಂಗಳ, ಹುಲ್ಲು, ಮಣ್ಣಿನ ನೆಲ ಮೇಲು. ತಾರಸಿಯೇ ಗತಿಯಾದರೆ ಸಂಜೆ ನಾಲ್ಕೈದು ಬಕೆಟ್ ನೀರು ಎರಚಿ, ಒಣಗಿದ ಮೇಲೆ ಹೂಡಿ. ಪಕ್ಕದ ತಗಡಿನ ಶೀಟಿನ ಮೇಲಿನಿಂದ ಹಾದುಹೋಗುವ ದಿಕ್ಕನ್ನು ತಪ್ಪಿಸಿ. ಕಿಟಕಿಯ ಗಾಜಿನ ಹಿಂದಿನಿಂದ ನೋಡುವುದಂತೂ ಬೇಡ. ಕೊಳವೆಯನ್ನು ನೋಡುವ ಮುಂಚೆ ಅರ್ಧ-ಮುಕ್ಕಾಲು ಗಂಟೆ ಹೊರಗಿಡಿ. ಕನ್ನಡಿ ಹೊರಗಿನ ಗಾಳಿಗಿಂತ ಬೆಚ್ಚಗಿದ್ದರೆ ಕೊಳವೆಯೊಳಗೇ ಬಿಸಿಗಾಳಿ ಸುಳಿಯುತ್ತದೆ.

ಅದಾದ ಮೇಲೂ ಚಿತ್ರ ಮಸುಕಾಗಿದ್ದರೆ ಕನ್ನಡಿಗಳ ಹೊಂದಾಣಿಕೆ ತಪ್ಪಿದೆಯೇ ಪರೀಕ್ಷಿಸಿ. ಪ್ರಕಾಶಮಾನ ನಕ್ಷತ್ರವೊಂದನ್ನು ನಟ್ಟನಡುವೆ ತಂದು, 120 ಪಟ್ಟಿನಲ್ಲಿ ಫೋಕಸನ್ನು ಸ್ವಲ್ಪ ಕೆಡಿಸಿ. ಉಂಗುರಗಳೂ ನಡುವಿನ ಕಪ್ಪು ಚುಕ್ಕೆಯೂ ಏಕಕೇಂದ್ರವಾಗಿದ್ದರೆ ಸರಿ. ಒಂದು ಬದಿಗೆ ಒತ್ತಿಕೊಂಡಿದ್ದರೆ ಹಿಂಬದಿಯ ಹೊಂದಿಸುವ ತಿರುಪುಗಳನ್ನು ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸುತ್ತ, ಪ್ರತಿ ಸಲ ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ.

ಚಂದ್ರನ ಬೆಳಕು ಕಣ್ಣಿಗೆ ಹಾನಿಮಾಡುವುದಿಲ್ಲ, ಚುಚ್ಚುತ್ತದೆ ಅಷ್ಟೇ. ಮನೆಯ ದೀಪ ಆರಿಸದೆ ಬಿಡಿ, ಅಥವಾ ವರ್ಧನೆ ಹೆಚ್ಚಿಸಿ. ಡಾಬ್ಸೋನಿಯನ್ ಮುಚ್ಚಳದ ಸಣ್ಣ ರಂಧ್ರದಿಂದ ನೋಡಿದರೆ ಬೆಳಕಿನ ಜೊತೆ ವಿವರವೂ ಕಡಿಮೆಯಾಗುತ್ತದೆ. ಎಚ್ಚರ ಬೇಕಾದ್ದು ಬಿದಿಗೆ, ತದಿಗೆಯಲ್ಲಿ: ಸೂರ್ಯ ಪೂರ್ತಿ ಮುಳುಗುವವರೆಗೆ ತೆಳು ಚಂದ್ರನನ್ನು ಬೈನಾಕ್ಯುಲರಿನಲ್ಲಿ ಹುಡುಕಲೇಬೇಡಿ.

ಶುಕ್ಲಪಕ್ಷದ ದಾರಿ

ಬಿದಿಗೆ, ತದಿಗೆಯಂದು ಭೂಮಿಯ ಬೆಳಕಿನಲ್ಲಿ ಮಂಕಾಗಿ ಹೊಳೆಯುವ ಕತ್ತಲ ಭಾಗವನ್ನು ಬೈನಾಕ್ಯುಲರಿನಲ್ಲಿ ನೋಡಿ. ಅಲ್ಲಿ ‘ಸಮುದ್ರ’ಗಳ (ಕಪ್ಪು ಲಾವಾ ಬಯಲುಗಳ) ಕಲೆಗಳು ಗುರುತಿಗೆ ಸಿಗುತ್ತವೆ. ತದಿಗೆಯ ಚಂದ್ರ ಸೂರ್ಯಾಸ್ತದ ನಂತರ ಸುಮಾರು ಎರಡು ಗಂಟೆಯಲ್ಲಿ ಮುಳುಗುತ್ತಾನೆ, ತಡಮಾಡಬೇಡಿ. ಅಂದು ದಕ್ಷಿಣಕ್ಕೆ ಪೆಟಾವಿಯಸ್ ಕುಳಿಯಿದೆ, ನಡುವಿನ ಶಿಖರದಿಂದ ಗೋಡೆಯವರೆಗೆ ಎಳೆದ ಬಿರುಕನ್ನು 100 ಪಟ್ಟಿನಲ್ಲಿ ಹುಡುಕಿ.

ಚೌತಿಗೆ ಮಾರೆ (‘ಸಮುದ್ರ’) ಕ್ರಿಸಿಯಂ ಪೂರ್ತಿ ಬೆಳಗಿರುತ್ತದೆ. ಉತ್ತರ-ದಕ್ಷಿಣಕ್ಕೆ ಉದ್ದವಾದ ಅಂಡಾಕಾರದಂತೆ ಕಂಡರೂ ನಿಜದಲ್ಲಿ ಅದು ಪೂರ್ವ-ಪಶ್ಚಿಮಕ್ಕೇ ಅಗಲ. ಅಂಚಿನಲ್ಲಿರುವುದರಿಂದ ಓರೆಯಾಗಿ ಕಾಣುತ್ತದೆ. ಭಾದ್ರಪದದ ಚೌತಿಯಂದು ಚಂದ್ರನನ್ನು ನೋಡಬಾರದೆಂಬ ನೇಮ ಪಾಲಿಸುವ ಮನೆಯವರು ಪಂಚಮಿಗೆ ಕಾಯಲಿ, ಕ್ರಿಸಿಯಂ ಎಲ್ಲಿಗೂ ಹೋಗುವುದಿಲ್ಲ.

ಷಷ್ಠಿಯಂದು ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ಕುಳಿಗಳ ಸಾಲು. ಥಿಯೋಫಿಲಸ್ಸಿನ ಗೋಡೆ ಸಿರಿಲಸ್ಸಿನ ಮೇಲೆ ಹಾಯ್ದಿದೆ, ಹಾಗಾಗಿ ಅದೇ ಕಿರಿಯದು. ಯಾವುದು ಯಾವುದರ ಮೇಲೆ ಕೂತಿದೆ ಎಂದು ನೋಡಿ ವಯಸ್ಸು ಹೇಳುವ ಈ ಅಭ್ಯಾಸವನ್ನು ಇಲ್ಲಿಂದ ಶುರುಮಾಡಿ.

ಸಪ್ತಮಿಗೆ ಅಪೊಲೊ 11 ಇಳಿದ ಮಾರೆ ಟ್ರಾಂಕ್ವಿಲಿಟಾಟಿಸ್ ಬೆಳಗಿರುತ್ತದೆ. ಬಾವುಟ ಕಾಣುವುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ: 6 ಇಂಚಿನ ಕನ್ನಡಿಗೆ ಸಿಗುವ ಅತಿ ಸಣ್ಣ ವಿವರವೇ ಸುಮಾರು ಒಂದೂವರೆ ಕಿ.ಮೀ. ಚಂದ್ರಯಾನ-3 ಇಳಿದ ಜಾಗಕ್ಕೂ ಇದೇ ಸಂಜೆ ಹೊಂದುತ್ತದೆ. 2023ರ ಆಗಸ್ಟ್ 23ರಂದು ಅದರ ಲ್ಯಾಂಡರ್ ವಿಕ್ರಮ್ 69.4 ಡಿಗ್ರಿ ದಕ್ಷಿಣ, 32.3 ಡಿಗ್ರಿ ಪೂರ್ವದಲ್ಲಿ ಇಳಿದಾಗಲೂ ಶುಕ್ಲ ಸಪ್ತಮಿಯೇ ಇತ್ತು. ಸೌರಫಲಕಗಳಿಗೆ ಚಂದ್ರನ ಒಂದು ಪೂರ್ತಿ ಹಗಲು, ಅಂದರೆ ನಮ್ಮ ಸುಮಾರು 14 ದಿನ, ಬಿಸಿಲು ಸಿಗಲೆಂದು ಅಲ್ಲಿನ ಬೆಳಗಿನ ಹೊತ್ತನ್ನೇ ಆರಿಸಿದ್ದರು. ದಕ್ಷಿಣದ ಅಂಚಿನ ಬಳಿ ಸುಮಾರು ನೂರು ಕಿ.ಮೀ. ಅಗಲದ ಮಾಂಜಿನಸ್ ಕುಳಿಯನ್ನು ಗುರುತಿಸಿ; ವಿಕ್ರಮ್ ಇರುವುದು ಅದರ ಆಚೆ, ಧ್ರುವದ ಕಡೆಗೆ. ಕುಳಿಗಳು ಅಲ್ಲಿ ತೆಳು ಗೆರೆಗಳಂತೆ ಒತ್ತಿಕೊಂಡಿರುತ್ತವೆ, ಚಂದ್ರನ ದಕ್ಷಿಣ ನಮ್ಮತ್ತ ವಾಲಿದ ತಿಂಗಳಲ್ಲಿ ಪ್ರಯತ್ನಿಸಿ.

ಅಷ್ಟಮಿ, ನವಮಿಗೆ ಮಾತ್ರ ಯಾವ ಮದುವೆ ಊಟವನ್ನೂ ಒಪ್ಪಿಕೊಳ್ಳಬೇಡಿ. ಅಷ್ಟಮಿಯಂದು ನಟ್ಟನಡುವೆ ಟಾಲೆಮೇಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಕುಳಿಗಳ ಸಾಲು. ಉತ್ತರದಲ್ಲಿ ಆಲ್ಪ್ಸ್ ಬೆಟ್ಟಗಳನ್ನು ಸೀಳಿದ ಸುಮಾರು 10 ಕಿ.ಮೀ. ಅಗಲದ ನೇರ ಕಣಿವೆ. ಗಡಿ 2 ಡಿಗ್ರಿ ಪೂರ್ವದ ಬಳಿ ಇರುವ ಮೂರ್ನಾಲ್ಕು ಗಂಟೆ ಮಾತ್ರ ದಕ್ಷಿಣದ ಕತ್ತಲಲ್ಲಿ ‘ಎಕ್ಸ್’ ಆಕಾರವೊಂದು ಹೊಳೆಯುತ್ತದೆ, ಪರ್ಬಾಕ್, ಲಾಕೈ, ಬ್ಲಾಂಕಿನಸ್ ಕುಳಿಗಳ ಅಂಚುಗಳು ಕೂಡುವ ಕಡೆ. ಆ ಗಂಟೆಗಳು ನಮ್ಮ ಹಗಲಿಗೆ ಬಿದ್ದರೆ ಆ ತಿಂಗಳು ಸಿಗುವುದಿಲ್ಲ.

ನವಮಿಯಂದು ರೂಪೆಸ್ ರೆಕ್ಟಾ. ಸುಮಾರು 110 ಕಿ.ಮೀ. ಉದ್ದದ, 300 ಮೀಟರಿನಷ್ಟು ಎತ್ತರದ ಏಣು. ಚೂಪು ಪೆನ್ಸಿಲಿನಲ್ಲಿ ಎಳೆದಂತಹ ಕಪ್ಪು ಗೆರೆ. ಪಶ್ಚಿಮಕ್ಕೆ ಇಳಿಯುವ ಇಳಿಜಾರಾದ್ದರಿಂದ ಬೆಳಗಿನ ಬಿಸಿಲಿಗೆ ನೆರಳು ಬೀಳುತ್ತದೆ. ಕೃಷ್ಣ ಸಪ್ತಮಿ-ಅಷ್ಟಮಿಯ ನಡುರಾತ್ರಿಯ ನಂತರ ಬಿಸಿಲು ಪಶ್ಚಿಮದಿಂದ ಬಿದ್ದಾಗ ಅದೇ ಗೆರೆ ಬೆಳ್ಳಗೆ ಹೊಳೆಯುತ್ತದೆ. ಎರಡನ್ನೂ ನೋಡಿ. ಇನ್ನೂ ದಕ್ಷಿಣಕ್ಕೆ 231 ಕಿ.ಮೀ. ಅಗಲದ ಕ್ಲಾವಿಯಸ್, ಅದರ ನೆಲದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಬಿಲ್ಲಿನಾಕಾರದಲ್ಲಿ ಬಾಗಿದ ಕುಳಿಗಳ ಸರಣಿ. ನಾಲ್ಕು ಕಂಡರೆ ಗಾಳಿ ಪರವಾಗಿಲ್ಲ, ಐದನೆಯದೂ ಕಂಡರೆ 200 ಪಟ್ಟಿಗೆ ಹೋಗಬಹುದು.

ದಶಮಿಗೆ ಕೋಪರ್ನಿಕಸ್: 93 ಕಿ.ಮೀ. ಅಗಲ, 3.8 ಕಿ.ಮೀ. ಆಳ, ಮೆಟ್ಟಿಲು ಮೆಟ್ಟಿಲಾಗಿ ಕುಸಿದ ಗೋಡೆ. ದ್ವಾದಶಿಗೆ ಅತಿ ಹೊಳಪಿನ ಅರಿಸ್ಟಾರ್ಕಸ್ ಕುಳಿ, ಪಕ್ಕದಲ್ಲೇ ಹಾವಿನಂತೆ ಹರಿದ ಶ್ರೋಟರ್ ಕಣಿವೆ. ಹುಣ್ಣಿಮೆಗೆ ಒಂದು ಕೆಲಸವಿದೆ: ಟೈಕೋ ಕುಳಿಯಿಂದ ಹೊರಟ ಬಿಳಿ ಕಿರಣಗಳು ಎಲ್ಲಿಯವರೆಗೆ ಹೋಗಿವೆ ಎಂದು ಬೈನಾಕ್ಯುಲರಿನಲ್ಲಿ ಹಿಂಬಾಲಿಸುವುದು.

ದಾಖಲೆ

ಚಿತ್ರ ಬರೆಯುವವರು ಒಂದೇ ಕುಳಿ ಆರಿಸಿ, 8–10 ಸೆಂ.ಮೀ. ಅಗಲಕ್ಕೆ ಹೊರರೇಖೆ ಹಾಕಿ, ಮೊದಲು ನೆರಳುಗಳನ್ನು ತುಂಬಿ. ಬೆಳಕಿನ ಗಡಿ ಚಂದ್ರನ ಸಮಭಾಜಕದಲ್ಲಿ ಗಂಟೆಗೆ 15 ಕಿ.ಮೀ. ಸರಿಯುತ್ತದೆ; ಅರ್ಧ ಗಂಟೆ ಮೀರಿದರೆ ಕಾಗದದ ಒಂದು ಬದಿಯ ನೆರಳು ಇನ್ನೊಂದು ಬದಿಗೆ ತಾಳೆಯಾಗುವುದಿಲ್ಲ. ಸಮಯ, ತಿಥಿ, ಕನ್ನಡಿಯ ವ್ಯಾಸ, ವರ್ಧನೆ, ಗಾಳಿಯ ಸ್ಥಿತಿ ಅಂಚಿನಲ್ಲಿರಲಿ.

ಫೋನಿಗೆ ಐಪೀಸಿಗೆ ಕಚ್ಚುವ ಹಿಡಿ ಬೇಕು, ಕೈಯಲ್ಲಿ ಹಿಡಿದರೆ ಮೂಲೆ ಕಪ್ಪಾಗುತ್ತದೆ. ಪ್ರೊ ಮೋಡಿನಲ್ಲಿ ಐಎಸ್‌ಒ 100, 1/125 ಸೆಕೆಂಡಿನಿಂದ ಆರಂಭಿಸಿ, ಫೋಕಸ್ ಲಾಕ್ ಮಾಡಿ. ದೃಶ್ಯವನ್ನು ತಾನೇ ಸುಧಾರಿಸುವ ಸೌಲಭ್ಯವನ್ನು ಆರಿಸಿಡಿ, ಇಲ್ಲದಿದ್ದರೆ ಚಿತ್ರದಲ್ಲಿರುವುದು ಚಂದ್ರನ ವಿವರವೋ ಫೋನಿನದೋ ತಿಳಿಯುವುದಿಲ್ಲ. ಒಂದೇ ಫೋಟೊಗಿಂತ 30–60 ಸೆಕೆಂಡಿನ ವಿಡಿಯೊ ತೆಗೆದು, ಆಟೊಸ್ಟಾಕರ್ಟ್ ತಂತ್ರಾಂಶದಲ್ಲಿ ಒಳ್ಳೆಯ ಫ್ರೇಮುಗಳನ್ನಷ್ಟೇ ಜೋಡಿಸಿದರೆ ಗಾಳಿಯ ಅಲುಗಾಟ ಬಹುಮಟ್ಟಿಗೆ ತಗ್ಗುತ್ತದೆ.

ಚಳಿಗಾಲದಲ್ಲಿ ಮಸೂರದ ಮೇಲೆ ಇಬ್ಬನಿ ಕೂತರೆ ಒರೆಸಬೇಡಿ, ಲೇಪನ ಗೀರುತ್ತದೆ. ಕಪ್ಪು ಫೋಮ್ ಹಾಳೆಯನ್ನು ಮಸೂರದ ವ್ಯಾಸದ ಒಂದೂವರೆಯಷ್ಟು ಉದ್ದಕ್ಕೆ ಕೊಳವೆಯ ಮುಂದೆ ಸುತ್ತಿದರೆ ಬರುವುದೇ ತಡವಾಗುತ್ತದೆ. ಒದ್ದೆ ಉಪಕರಣವನ್ನು ಮುಚ್ಚಳ ಹಾಕಿ ಪೆಟ್ಟಿಗೆಗಿಡಬೇಡಿ. ಮಲೆನಾಡು, ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಐಪೀಸಿನ ಗಾಜಿನಲ್ಲಿ ಬೂಷ್ಟು ಬಲೆ ಕಟ್ಟಬಹುದು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ.