ರಣಹದ್ದಿನ ಹಿಂದೆ ಹೋಗಿ ಏರುಗಾಳಿ ಹಿಡಿದದ್ದು: ನನ್ನ ಅನುಭವ

ಹಿಮಾಚಲದ ಬೀರ್‌ನಲ್ಲಿ ಜೊತೆಗೆ ಹಾರುವ ಪ್ಯಾರಾಗ್ಲೈಡಿಂಗ್ ಗೆಳೆಯರು ರಣಹದ್ದನ್ನು ಹಿಂಬಾಲಿಸಿ ಏರುಗಾಳಿ ಹುಡುಕುವ ನನ್ನ ಪದ್ಧತಿಯನ್ನು ಒಪ್ಪಿರಲಿಲ್ಲ. "ಹಕ್ಕಿಗೆ ಅದರದೇ ದಾರಿ, ವೇರಿಯೋ ನಂಬಿ" ಎನ್ನುತ್ತಿದ್ದರು. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ಸದ್ದಿನಿಂದ ತಿಳಿಸುವ ಆ ಉಪಕರಣ ಹೇಳುವುದು ನಾನು ಆಗಲೇ ಹೊಕ್ಕಿರುವ ಗಾಳಿಯ ಸುದ್ದಿ. ಇನ್ನೂರು ಮೀಟರ್ ಆಚೆಯದನ್ನು ಹೇಳಬಲ್ಲದ್ದು ಹಿಮಾಲಯದ ರಣಹದ್ದು. ಕಳೆದ ಅಕ್ಟೋಬರ್‌ನಲ್ಲಿ ಅದು ನನ್ನ ಮಟ್ಟಿಗೆ ಸಾಬೀತಾಯಿತು.

ಅದಕ್ಕೆ ಮೊದಲು ಸುರಿದ ಹಣ ಸ್ವಲ್ಪವಲ್ಲ. ಹೊಸ ವೇರಿಯೋಗೆ ಮೂವತ್ತು ಸಾವಿರದ ಹತ್ತಿರ ಹೋಯಿತು. ಆದರೂ ಧರ್ಮಶಾಲೆಯ ದಾರಿಯಲ್ಲಿರುವ ಪಾಲಂಪುರ ದಾಟುವ ಮೊದಲೇ ಗದ್ದೆಗಳಲ್ಲಿ ಇಳಿದು, ವಾಪಸು ಬರಲು ಪ್ರತಿ ಸಲವೂ ಎರಡು ಸಾವಿರದ ಆಸುಪಾಸು ಟ್ಯಾಕ್ಸಿಗೆ ತೆತ್ತೆ. ಸಣ್ಣ ಹದ್ದುಗಳ ಬೆನ್ನು ಹತ್ತಿದ್ದೂ ಫಲ ಕೊಡಲಿಲ್ಲ. ಅವು ಕಿರಿದಾದ ಏರುಗಾಳಿಯಲ್ಲೂ ಬಿಗಿಯಾಗಿ ತಿರುಗಿ ಏರುತ್ತವೆ, ನಮ್ಮ ಗ್ಲೈಡರಿನ ರೆಕ್ಕೆ ಅಲ್ಲಿ ಹಿಡಿಸುವುದಿಲ್ಲ. ಎಂಟು ಹತ್ತು ಕಿಲೋ ತೂಗುವ ರಣಹದ್ದಿಗೆ ಅಗಲವಾದ ಏರುಗಾಳಿಯೇ ಬೇಕು.

ನಾವು ಹಾರಲು ಹೊರಡುವ, ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್‌ನಲ್ಲಿ, ಹಾರದ ದಿನಗಳಲ್ಲಿ ಗಡಿಯಾರ ಹಿಡಿದು ಕುಳಿತೆ. ಅವುಗಳ ಒಂದು ಸುತ್ತಿಗೆ ಹದಿನೈದು ಸೆಕೆಂಡಿನಷ್ಟು, ನನ್ನದಕ್ಕೆ ಇಪ್ಪತ್ತು. ರಜೆಯಲ್ಲಿ ಊರಿಗೆ ಬಂದಾಗ ರಾಮನಗರದ ರಾಮದೇವರ ಬೆಟ್ಟಕ್ಕೂ ದುರ್ಬೀನು ಹಿಡಿದು ಹೋದೆ. ಅಲ್ಲಿನ ಉದ್ದಕೊಕ್ಕಿನ ರಣಹದ್ದುಗಳು ಬಂಡೆ ಕಾಯುವ ತನಕ ಕದಲುವುದಿಲ್ಲ. ಗ್ಲೈಡರಿನ ಹಗ್ಗಗಳಿಗೆ ಉಣ್ಣೆ ಎಳೆ ಕಟ್ಟಿ ಗಾಳಿ ಓದಲು ನೋಡಿದ್ದು ಮಾತ್ರ ವ್ಯರ್ಥವಾಯಿತು.

ಅಕ್ಟೋಬರ್‌ನ ಆ ದಿನ ಧರ್ಮಶಾಲೆಯ ಕಡೆ ಹೊರಟು, ಬೆಟ್ಟದ ಎರಡು ಏಣುಗಳ ನಡುವಿನ ಕಣಿವೆಯಲ್ಲಿ ಸೆಕೆಂಡಿಗೆ ಮೂರು ಮೀಟರಿನಂತೆ ಕುಸಿಯತೊಡಗಿದೆ. ಮರಗಳ ನೆತ್ತಿಯಿಂದ ನೂರೈವತ್ತು ಮೀಟರ್ ಉಳಿದಿತ್ತೇನೋ. ಕೆಳಗೆ ಬಂಡೆ ತುಂಬಿದ ಹೊಳೆ, ಅಡ್ಡಲಾಗಿ ವಿದ್ಯುತ್ ತಂತಿಗಳು. ಬಾಯಿ ಒಣಗಿತ್ತು. ಆಗ ಎಡಗಡೆ, ನನಗಿಂತ ತುಸು ಕೆಳಗೆ, ಒಂದು ರಣಹದ್ದು ರೆಕ್ಕೆ ಬಡಿಯದೆ ಏಣಿನ ಮೂಗಿನತ್ತ ಸಾಗಿತು. ನಾನು ಹಿಂದೆ ಬಿದ್ದೆ. ಇದ್ದಕ್ಕಿದ್ದಂತೆ ಅದರ ರೆಕ್ಕೆ ತುದಿಯ ಗರಿಗಳು ಬೆರಳುಗಳಂತೆ ಮೇಲಕ್ಕೆ ಬಾಗಿದವು, ಬಾಲ ಅಗಲವಾಯಿತು, ಎಡಕ್ಕೆ ವಾಲಿತು. ನಾನೂ ಎಡ ಬ್ರೇಕ್ ಎಳೆದೆ. ಎರಡು ಉಸಿರಿನಲ್ಲಿ ವೇರಿಯೋ ಕೂಗಿತು. ಒಂದು ಸುತ್ತಿನಲ್ಲಿ ಅದು ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ್ದನ್ನು ಸ್ಪಷ್ಟವಾಗಿ ಕಂಡೆ. ಅದರ ಜೊತೆಯಲ್ಲೇ 2,700 ಮೀಟರಿನ ತನಕ ಏರಿದೆ.

ಕಾಲು ಇಳಿಬಿಟ್ಟ ರಣಹದ್ದಿನ ಹಿಂದೆ ಹೋಗಬೇಡಿ, ಅದು ಕೆಳಗಿಳಿಯುವ ಆತುರದಲ್ಲಿರುತ್ತದೆ. ಯಾವ ಏಣಿನ ಮೇಲೆ ಯಾವ ಹೊತ್ತಿಗೆ ಅವು ಸೇರುತ್ತವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನೋಡಿ ನೋಡಿ ಗಳಿಸಿದ್ದು ಅದು. ಆದರೆ ಹತ್ತಿರ ಹೋಗಿ ಅವುಗಳನ್ನು ಬೆದರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ದೇಶದ ರಣಹದ್ದು ಸಂತತಿಯನ್ನೇ ನುಂಗಿತ್ತು, 2006ರಲ್ಲಿ ಅದಕ್ಕೆ ನಿಷೇಧ ಬಂತು. ಉಳಿದಿರುವ ಒಂದೊಂದೂ ನಮಗೆ ಬೇಕು.

ಆ ದಿನ ಇಳಿದದ್ದು ಬೀರ್‌ನ ಮೈದಾನದಲ್ಲೇ, ಟ್ಯಾಕ್ಸಿಯ ಖರ್ಚಿಲ್ಲ. ವಾದಿಸುತ್ತಿದ್ದವರಲ್ಲಿ ಇಬ್ಬರು ಸಂಜೆಯೇ ನನ್ನ ಜಿಪಿಎಸ್ ದಾಖಲೆ ಕೇಳಿ ಪಡೆದುಕೊಂಡರು.